ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮತ್ತು ಮೈಲಿಯ ಕಲೆ

ಎಗ್ಮೋರ್ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದು ಗಾಂಧಿ ಇರ್ವಿನ್ ರಸ್ತೆಗೆ ಇಳಿದರೆ ಕೆಂಪು ಬಣ್ಣದ ಹಳೆಯ ಕಟ್ಟಡವೊಂದು ಕಾಣುತ್ತದೆ. ಈಗ ಅದರ ಹೆಸರು ತಮಿಳುನಾಡು ಆರ್ಕೈವ್ಸ್. ಹಿಂದೆ ಮದ್ರಾಸ್ ರೆಕಾರ್ಡ್ ಆಫೀಸ್ ಅಂತ ಕರೀತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸರ್ಕಾರದ ಕಾಗದಪತ್ರಗಳೆಲ್ಲ ಅಲ್ಲಿ ಮಲಗಿವೆ. ನಮ್ಮ ಮೈಸೂರು ಸೀಮೆಯ ವ್ಯವಹಾರ ಎಷ್ಟೋ ವರ್ಷ ಮದ್ರಾಸಿನ ಮೂಲಕವೇ ನಡೆದದ್ದರಿಂದ ನಮ್ಮ ಹಿರಿಯರ ಕಥೆಯ ತುಂಡುಗಳೂ ಅಲ್ಲಿ ಇದ್ದೇ ಇರುತ್ತವೆ. ನಾನು ಕಾಮರ್ಸ್ ವಿದ್ಯಾರ್ಥಿ. ಆ ಕಟ್ಟಡದ ಒಳಗೆ ಹೋಗಿ ಓದಿದವನಲ್ಲ, ಅದರ ಮುಂದೆ ದಿನಾ ನಡೆದು ಹೋಗುವವನು ಮಾತ್ರ. ಆದರೂ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಜೀವನ ಕುರಿತು ನಮ್ಮ ಸಂಘದ ಪತ್ರಿಕೆಗೆ ಬರೆಯಬೇಕು ಅನ್ನಿಸಿತು. ಯಾಕೆ ಅನ್ನಿಸಿತು ಅನ್ನೋದನ್ನು ಕೊನೆಯಲ್ಲಿ ಹೇಳುತ್ತೇನೆ.

ಕನ್ನಡ ಮೀಡಿಯಂನಲ್ಲಿ ಓದಿದ ನಮಗೆಲ್ಲ ಈ ರಾಣಿಯ ಹೆಸರು ಗೊತ್ತು. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಒಡೆಯರ ವಂಶದ ದೀಪ ಆರದಂತೆ ಕಾಪಾಡಿದವರು ಎಂದು ಪರೀಕ್ಷೆಯಲ್ಲಿ ಎರಡು ಸಾಲು ಬರೆದು ನಂಬರು ತಗೊಂಡಿರುತ್ತೇವೆ. ಅಷ್ಟಕ್ಕೇ ಬಿಟ್ಟುಬಿಡುತ್ತೇವೆ. ಅವರ ಮುಪ್ಪಿನ ಕಾಲದಲ್ಲಿ ಅವರ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ ಇದೆ. ಒಬ್ಬ ಹುಡುಗಿಯ ತೋಳಿನ ಮೇಲೆ ಒಂದು ಸಣ್ಣ ಗೀರು. ರಾಜ್ಯ ವಾಪಸ್ಸು ಬಂದದ್ದಕ್ಕಿಂತ ಆ ಗೀರೇ ದೊಡ್ಡದು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಲಕ್ಷ್ಮಮ್ಮಣ್ಣಿಯವರು ಕತ್ತಿ ಗೋಪಾಲರಾಜೇ ಅರಸಿನವರ ಮಗಳು. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾಗಿ ಶ್ರೀರಂಗಪಟ್ಟಣದ ಅರಮನೆಗೆ ಬಂದರು. ಅವರು ಬಂದ ಅರಮನೆಯಲ್ಲಿ ಸಿಂಹಾಸನ ಇತ್ತು, ಅಧಿಕಾರ ಇರಲಿಲ್ಲ. ಮೊದಲು ದಳವಾಯಿಗಳ ಕೈಯಲ್ಲಿದ್ದ ರಾಜ್ಯ 1761ರಲ್ಲಿ ಹೈದರಾಲಿಯ ಕೈಗೆ ಹೋಯಿತು. ದಸರೆಯ ದಿನ ಅರಸರು ಜನಕ್ಕೆ ದರ್ಶನ ಕೊಡಬೇಕು, ಉಳಿದ ದಿನ ಒಳಗೆ ಇರಬೇಕು. 1766ರಲ್ಲಿ ಇಮ್ಮಡಿ ಕೃಷ್ಣರಾಜರು ತೀರಿಕೊಂಡರು. ರಾಣಿ ವಿಧವೆಯಾದರು.

ಆಮೇಲಿನ ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಸಾವಿನ ಮೇಲೆ ಸಾವು. ಪಟ್ಟಕ್ಕೆ ಬಂದ ನಂಜರಾಜ ಒಡೆಯರು 1770ರಲ್ಲಿ ಕೊಲೆಯಾದರು. ಅವರ ತಮ್ಮ ಚಾಮರಾಜ ಒಡೆಯರು 1776ರಲ್ಲಿ ಹೋದರು. ಇನ್ನು ಪಟ್ಟಕ್ಕೆ ಯಾರೂ ಇಲ್ಲ. ಆಗ ಹೈದರಾಲಿ ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ, ಮುಂದೆ ಆಟಿಕೆ, ಹಣ್ಣು, ತಿಂಡಿ ಹರಡಿಸಿದ; ಎಲ್ಲ ಮಕ್ಕಳೂ ತಿಂಡಿಗೆ ನುಗ್ಗಿದಾಗ ಒಂದು ಮಗು ಮಾತ್ರ ಕಠಾರಿ ಎತ್ತಿಕೊಂಡಿತು; ಅದನ್ನೇ ಅರಸು ಅಂತ ಆರಿಸಿದ ಎಂದು ಕಥೆ ಹೇಳುತ್ತಾರೆ. ಆ ಮಗು ಅರಿಕುಠಾರ ಎಂಬ ಊರಿನದು. ಹೆಸರು ಚಾಮರಾಜ. ಅದನ್ನು ದತ್ತು ಮಗನಾಗಿ ಸ್ವೀಕರಿಸಿದವರು ಲಕ್ಷ್ಮಮ್ಮಣ್ಣಿಯವರು.

ಕಾವಲಿನ ಅರಮನೆಯಲ್ಲಿ ಇದ್ದುಕೊಂಡೇ ರಾಣಿಯವರು ಮದ್ರಾಸಿನ ಇಂಗ್ಲಿಷರ ಹತ್ತಿರ ಗುಟ್ಟಾಗಿ ಮಾತುಕತೆ ನಡೆಸಿದರು. ತಿರುಮಲರಾಯ, ನಾರಾಯಣರಾಯ ಎಂಬ ಸೋದರರು ಅವರ ಪರವಾಗಿ ಓಡಾಡಿದರು. 1782ರಲ್ಲಿ ತಂಜಾವೂರಿನಲ್ಲಿ ಕಂಪನಿಯ ಸಲ್ಲಿವನ್ ಎಂಬ ಅಧಿಕಾರಿಯೊಂದಿಗೆ ತಿರುಮಲರಾಯರು ರಾಣಿಯ ಹೆಸರಿನಲ್ಲಿ ಕರಾರು ಮಾಡಿಕೊಂಡರು. ಆದರೆ 1784ರಲ್ಲಿ ಟಿಪ್ಪುವಿಗೂ ಕಂಪನಿಗೂ ಮಂಗಳೂರಿನಲ್ಲಿ ಒಪ್ಪಂದವಾಗಿ, ರಾಣಿಯ ಕರಾರು ಬರೀ ಕಾಗದವಾಗಿ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದರು. ಇವರು ಬಿಡಲಿಲ್ಲ. ಅವರು ಆರಿಸಿಕೊಂಡ ದಾರಿ ಸರಿಯೋ ತಪ್ಪೋ ಎಂದು ಚರಿತ್ರೆಯವರು ಇಂದಿಗೂ ಜಗಳ ಆಡುತ್ತಾರೆ. ಆಡಲಿ. ನನ್ನ ವಿಷಯ ಬೇರೆ.

1796ರಲ್ಲಿ ಆ ದತ್ತು ಮಗ, ಖಾಸಾ ಚಾಮರಾಜ ಒಡೆಯರು, ಸಿಡುಬು ಎದ್ದು ತೀರಿಕೊಂಡರು. ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಅವರ ಮಗ ಕೃಷ್ಣರಾಜನಿಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕೊಲೆಯಿಂದ, ಸೆರೆಯಿಂದ, ರಾಜಕಾರಣದಿಂದ ಹೇಗೋ ತಪ್ಪಿಸಿಕೊಂಡು ಬಂದ ವಂಶ ಒಂದು ರೋಗದ ಕೈಗೆ ಸಿಕ್ಕಿ ಒಂದು ಕೂಸಿಗೆ ಬಂದು ನಿಂತಿತು. ಟಿಪ್ಪು ಆಮೇಲೆ ಯಾರನ್ನೂ ಪಟ್ಟಕ್ಕೆ ಕೂರಿಸಲಿಲ್ಲ. ರಾಜಮನೆತನದವರನ್ನು ಅರಮನೆಯಿಂದ ಹೊರಡಿಸಿ ಸಾಧಾರಣ ಮನೆಗೆ ಕಳಿಸಿದರು. ಅಜ್ಜಿಯ ಮಡಿಲಲ್ಲಿ ಮೊಮ್ಮಗ ಬೆಳೆದ.

ಮೈಲಿ ಎಂದರೆ ಏನಾಗಿತ್ತು ಅನ್ನೋದು ನಮ್ಮ ವಯಸ್ಸಿನವರಿಗೆ ತಿಳಿಯುವುದಿಲ್ಲ, ನಾವು ನೋಡಿಲ್ಲ. ಬಂದ ಹತ್ತು ಮಂದಿಯಲ್ಲಿ ಸುಮಾರು ಮೂರು ಮಂದಿ ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಜನ್ಮಪೂರ್ತಿ ಗುಳಿಗಳು. ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ನಮ್ಮ ಜನ ಅದನ್ನು ರೋಗ ಅಂತ ಕರೆಯುವುದಕ್ಕೂ ಹೆದರುತ್ತಿದ್ದರು. ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆ ಹಾಕದೆ ಅಡಿಗೆ ಮಾಡುವುದು, ಹೊರಗಿನವರನ್ನು ಒಳಗೆ ಬಿಡದೆ ಇರುವುದು, ತಣಿದ ಮೇಲೆ ಅಮ್ಮನಿಗೆ ತಂಪು ಮಾಡುವುದು. ಇದರಲ್ಲಿ ಮೂಢನಂಬಿಕೆ ಇದೆ ಅಂತ ನಗಬಾರದು. ಬೇರೆ ಉಪಾಯ ಇಲ್ಲದ ಕಾಲದಲ್ಲಿ ಒಂದು ಬೀದಿಯವರೆಲ್ಲ ಸೇರಿ ಪಾಲಿಸುತ್ತಿದ್ದ ಕಟ್ಟು ಅದು. ಯಾರಾದರೂ ಒಬ್ಬರು ಅದನ್ನು ಮುರಿದರೆ ಅಮ್ಮನ ಕೋಪ ಎಲ್ಲರ ಮನೆಗೂ ಬರುತ್ತದೆ ಎಂಬ ಭಯ. ಔಷಧಿ ತಗೊಳ್ಳುವುದು ಬಿಡುವುದು ಒಬ್ಬನ ಇಷ್ಟವಾಗಿರಲಿಲ್ಲ, ಬೀದಿಯ ವಿಷಯವಾಗಿತ್ತು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಡಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿ ಐದು ವರ್ಷದ ಹುಡುಗನಿಗೆ ಪಟ್ಟ ಕಟ್ಟಿದರು. ಅವರೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಎಂದು ಹೆಸರಾದವರು. ಪೂರ್ಣಯ್ಯನವರು ದಿವಾನರಾದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ ಕಪ್ಪ ಕೊಡಬೇಕು ಅಂತ ಕರಾರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾದ ರಾಣಿಯವರು ಅಂತೂ ಮೈಸೂರಿಗೆ ಬಂದರು. ಆದರೆ ಆ ಸಂತೋಷದ ಒಳಗೆ ಒಂದು ಭಯ ಕೂತಿದ್ದಿರಬೇಕು. ಪಟ್ಟದಲ್ಲಿ ಕೂತ ಹುಡುಗನ ಅಪ್ಪನನ್ನು ಕೊಂಡುಹೋದ ರೋಗ ಊರಲ್ಲೇ ಇತ್ತು.

ಈಗ ಸ್ವಲ್ಪ ದೂರ ಹೋಗಬೇಕು. ಚಾಮರಾಜ ಒಡೆಯರು ಸತ್ತ ಅದೇ 1796ರಲ್ಲಿ, ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಒಬ್ಬ ಹುಡುಗನ ತೋಳಿಗೆ ಹಸುವಿನ ಸಿಡುಬಿನ ಕೀವು ಹಚ್ಚಿ ನೋಡಿದ. ಹಸುವಿನ ಸಿಡುಬು ಒಂದು ಸಾರಿ ಬಂದವರಿಗೆ ಮನುಷ್ಯರ ಸಿಡುಬು ತಗಲುವುದಿಲ್ಲ ಎಂಬುದು ಅದರಿಂದ ಗೊತ್ತಾಯಿತು. ಅದಕ್ಕೆ ಮುಂಚೆಯೂ ಸಿಡುಬಿನ ಹಕ್ಕಳೆ ಅಥವಾ ಕೀವನ್ನೇ ತೆಗೆದು ಆರೋಗ್ಯವಂತರಿಗೆ ಹಾಕುವ ಪದ್ಧತಿ ನಮ್ಮ ದೇಶದಲ್ಲೂ ಚೀನಾ, ತುರ್ಕಿ ದೇಶಗಳಲ್ಲೂ ಇತ್ತು. ಅದರಲ್ಲಿ ಅಪಾಯ ಇತ್ತು. ಹಾಕಿಸಿಕೊಂಡವರಲ್ಲಿ ಕೆಲವರು ಸಾಯುತ್ತಿದ್ದರು, ಅವರಿಂದ ಬೇರೆಯವರಿಗೂ ರೋಗ ಅಂಟುತ್ತಿತ್ತು. ಹಸುವಿನ ಸಿಡುಬಿನಲ್ಲಿ ಆ ಭಯ ಇರಲಿಲ್ಲ.

ಆ ಮದ್ದು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ ದಾಟಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದರು. ನಮ್ಮ ದೇಶದಲ್ಲಿ ಅದು ಕಚ್ಚಿಕೊಂಡ ಮೊದಲ ತೋಳು ಅವಳದು. ಅದೇ ವರ್ಷ ಮದ್ರಾಸಿಗೂ ಬಂತು. ಹೇಗೆ ಬಂತು ಅಂದರೆ, ಸೀಸೆಯಲ್ಲಿ ಅಲ್ಲ, ಮಕ್ಕಳ ತೋಳಿನಲ್ಲಿ. ಐಸ್ ಇಲ್ಲ, ಫ್ರಿಜ್ ಇಲ್ಲ; ಒಣಗಿಸಿ ಕಳಿಸಿದರೆ ನಮ್ಮ ಸೆಕೆಗೆ ಕೆಟ್ಟುಹೋಗುತ್ತಿತ್ತು. ಒಂದು ಮಗುವಿಗೆ ಹಾಕಿದ ಮೇಲೆ ಎಂಟು ದಿನಕ್ಕೆ ಗುಳ್ಳೆ ಬಲಿಯುತ್ತದೆ. ಅದರ ನೀರನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು. ಸರಪಳಿ ಎಲ್ಲೂ ಕಡಿಯಬಾರದು. ಮದ್ರಾಸಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಹೀಗೇ ಹುಡುಗರ ತೋಳಿನ ಮೇಲೆ ಹೋಯಿತು.

ಈಗ ನಮ್ಮವರ ಕಡೆಯಿಂದ ಯೋಚನೆ ಮಾಡಿ. ಮದ್ದು ತಂದವರು ಪರದೇಶದವರು, ನೆನ್ನೆ ಮೊನ್ನೆ ಯುದ್ಧ ಮಾಡಿದವರು. ಮದ್ದಿನ ಮೂಲ ಹಸು, ಅದೂ ರೋಗದ ಹಸು. ಹಾಕುವುದು ಯಾರದೋ ಮಗುವಿನ ಮೈಯಿಂದ ತೆಗೆದದ್ದು. ಆ ಮಗುವಿನ ಜಾತಿ ಯಾವುದು, ಮನೆ ಯಾವುದು? ಮಡಿ ಮೈಲಿಗೆ ಇದ್ದ ಕಾಲದಲ್ಲಿ ಇದನ್ನು ಒಳಗೆ ಸೇರಿಸಿಕೊಳ್ಳೋದು ಅಂದರೆ ಸಾಮಾನ್ಯವೇ? ಮೇಲಾಗಿ ಅಮ್ಮನ ಕೆಲಸಕ್ಕೆ ಅಡ್ಡ ಬಂದ ಹಾಗೆ. ಒಬ್ಬ ತಾಯಿ ತನ್ನ ಮಗುವಿಗೆ ಹಾಕಿಸಬೇಕು ಅಂತ ಮನಸ್ಸು ಮಾಡಿದರೂ ಅತ್ತೆ ಏನಂತಾಳೆ, ಕೇರಿಯವರು ಏನಂತಾರೆ ಎಂಬ ಪ್ರಶ್ನೆ ಮುಂದೆ ನಿಲ್ಲುತ್ತದೆ. ಮದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆ ಆಮೇಲಿನದು.

ಇದನ್ನು ಕಂಪನಿಯವರು ತಿಳಿದಿರಲಿಲ್ಲ ಅಂತೇನಿಲ್ಲ. ಮದ್ರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ಇದ್ದ, ದ್ರಾವಿಡ ಭಾಷೆಗಳೆಲ್ಲ ಒಂದೇ ಕುಟುಂಬ ಎಂದು 1816ರಲ್ಲೇ ತೋರಿಸಿದ ಪಂಡಿತ. ಆತ ಜನರ ಮನಸ್ಸು ಒಲಿಸುವುದಕ್ಕೆ ತಮಿಳಿನಲ್ಲಿ ಒಂದು ಬರಹವನ್ನೇ ರಚಿಸಿದ. ಅದರಲ್ಲಿ ಧನ್ವಂತರಿಗೆ ದೇವಿಯೇ ಈ ಮದ್ದಿನ ಗುಟ್ಟು ಹೇಳುತ್ತಾಳೆ, ಅದು ಹಸುವಿನಿಂದ ಬಂದ ಅಮೃತ ಎನ್ನುತ್ತಾಳೆ. 1819ರಲ್ಲಿ ಮದ್ರಾಸ್ ಕೊರಿಯರ್ ಪತ್ರಿಕೆಯಲ್ಲಿ ಈ ಮದ್ದು ನಮ್ಮ ಹಳೇ ಶಾಸ್ತ್ರದಲ್ಲೇ ಇತ್ತು ಎಂಬ ಲೇಖನವೂ ಬಂತು. ಅದಕ್ಕೆ ಆಧಾರವಿಲ್ಲ ಎಂದು ಆಮೇಲೆ ವಿದ್ವಾಂಸರು ಹೇಳಿದರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಖೋಟಾ ನೋಟು ಎಷ್ಟೇ ಚೆನ್ನಾಗಿ ಅಚ್ಚಾಗಿದ್ದರೂ ಸಿಕ್ಕಿಬಿದ್ದ ದಿನ ಅಸಲಿ ನೋಟನ್ನೂ ಯಾರೂ ನಂಬುವುದಿಲ್ಲ.

ಮೈಸೂರಿನಲ್ಲಿ ನಡೆದದ್ದು ಬೇರೆ ರೀತಿ. 1805ರ ಸುಮಾರಿಗೆ ಬಾಲ ಅರಸರ ಮದುವೆಯ ಮಾತು ನಡೆದು ದೇವಾಜಮ್ಮಣ್ಣಿ ಎಂಬ ಹುಡುಗಿ ಅರಮನೆಗೆ ಬಂದಳು. ಹನ್ನೊಂದು ಹನ್ನೆರಡರ ಮಕ್ಕಳು ಇಬ್ಬರೂ. ಈ ಹುಡುಗಿಗೆ ಹಸುವಿನ ಸಿಡುಬು ಹಾಕಿಸುವುದು ಅಂತ ತೀರ್ಮಾನವಾಯಿತು. ರಾಣಿವಾಸದ ಒಳಗಿನ ವಿಷಯ ಇದು. ದಿವಾನರು ಎಷ್ಟೇ ದೊಡ್ಡವರಾದರೂ ರೆಸಿಡೆಂಟ್ ಸಾಹೇಬರು ಎಷ್ಟೇ ಹೇಳಿದರೂ ಮನೆಯ ಹಿರಿಯ ಹೆಂಗಸು ಹೂಂ ಅನ್ನದೆ ಸೊಸೆಯಾಗಿ ಬಂದ ಹುಡುಗಿಯ ಮೈಗೆ ಯಾರೂ ಕೈ ಹಚ್ಚುವ ಹಾಗಿರಲಿಲ್ಲ. ಆ ಹಿರಿಯ ಹೆಂಗಸು ಲಕ್ಷ್ಮಮ್ಮಣ್ಣಿಯವರು. ಮಗನನ್ನು ಮೈಲಿಗೆ ಕೊಟ್ಟವರು. ಅವರು ಹೂಂ ಅಂದರು.

ಇದಕ್ಕೆ ಸಾಕ್ಷಿಯಂತೆ ಒಂದು ಚಿತ್ರ ಉಳಿದಿದೆ. ತಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಬರೆದದ್ದು. ಈತ ಮದ್ರಾಸಿನಲ್ಲೇ ನೆಲೆಸಿ 1824ರಲ್ಲಿ ಇಲ್ಲೇ ತೀರಿಕೊಂಡವನು. ಚಿತ್ರದಲ್ಲಿ ಒಡವೆ ಧರಿಸಿದ ಮೂವರು ಹೆಂಗಸರು ಇದ್ದಾರೆ. ಬಹಳ ಕಾಲ ಇವರನ್ನು ಯಾರೋ ನರ್ತಕಿಯರು ಅಂದುಕೊಂಡಿದ್ದರು. ಇವರು ಮೈಸೂರಿನ ರಾಣಿಯರು, ಮಧ್ಯದಲ್ಲಿ ಇರುವವರು ಲಕ್ಷ್ಮಮ್ಮಣ್ಣಿ ಎಂದು ಗುರುತು ಹಿಡಿದವರು ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು. ಬಲಗಡೆಯ ಹುಡುಗಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ, ಅದು ಮದ್ದು ಹಾಕಿಸಿಕೊಂಡ ಜಾಗ. ಎಡಗಡೆಯವಳ ಮೂಗು ಬಾಯಿಯ ಸುತ್ತ ಬಣ್ಣ ಕೆಟ್ಟಿದೆ, ಅದು ಹಳೆಯ ಪದ್ಧತಿಯಲ್ಲಿ ಸಿಡುಬು ಹಾಕಿಸಿಕೊಂಡ ಗುರುತು ಎನ್ನುವುದು ಅವರ ಅಭಿಪ್ರಾಯ. ಒಪ್ಪುವವರು ಒಪ್ಪಬಹುದು, ಬಿಡುವವರು ಬಿಡಬಹುದು. ಒಪ್ಪಿದರೆ ಮಾತ್ರ ಅದರ ಧೈರ್ಯ ಎಷ್ಟು ಅಂತ ಯೋಚಿಸಬೇಕು. ರಾಣಿವಾಸದವರು ಪರಪುರುಷರ ಮುಂದೆ ಬರುವಂತಿಲ್ಲದ ಕಾಲ. ಒಂದು ಕಟ್ಟನ್ನು ಬದಲಾಯಿಸುವುದಕ್ಕೆ ಇನ್ನೊಂದು ಕಟ್ಟನ್ನು ಮುರಿದು ತೋಳು ತೋರಿಸಿದ್ದಾರೆ.

ಫಲ ಏನಾಯಿತು? 1806ರ ಜುಲೈ ತಿಂಗಳಿನ ವೈದ್ಯಾಧಿಕಾರಿಯ ವರದಿಯಲ್ಲಿ ರಾಣಿಗೆ ಮದ್ದು ಹಾಕಿಸಿದ್ದರಿಂದ ಜನರ ಮೇಲೆ ಒಳ್ಳೆಯ ಪರಿಣಾಮ ಆಯಿತು, ಜನ ತಾವಾಗಿ ಮುಂದೆ ಬಂದು ಹಾಕಿಸಿಕೊಂಡರು ಎಂಬ ಅರ್ಥದ ಮಾತಿದೆ. ಅದೇ 1806ರ ಅದೇ ಜುಲೈ 10ರಂದು, ಮದ್ರಾಸಿಗೂ ಮೈಸೂರಿಗೂ ನಡುವಿನ ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆ ಎದ್ದರು. ಅದಕ್ಕೆ ಕಾರಣಗಳಲ್ಲಿ ಮುಖ್ಯವಾದದ್ದು ಸಿಪಾಯಿಗಳು ಹೊಸ ನಮೂನೆಯ ಟೋಪಿ ಹಾಕಬೇಕು, ಹಣೆಗೆ ನಾಮ ವಿಭೂತಿ ಇಡಬಾರದು, ಗಡ್ಡ ತೆಗೀಬೇಕು ಎಂಬ ಆರ್ಡರು. ಗವರ್ನರ್ ಬೆಂಟಿಂಕ್ ಸಾಹೇಬನಿಗೇ ಅದರಿಂದ ಕೆಲಸ ಹೋಯಿತು. ನೋಡಿ, ತಿಂಗಳು ಒಂದೇ, ಕಂಪನಿ ಒಂದೇ. ತಲೆ ಮೇಲಿನ ಟೋಪಿಯನ್ನು ಒಪ್ಪದೆ ಪ್ರಾಣ ಕೊಟ್ಟ ಇದೇ ದಕ್ಷಿಣದ ಜನ, ಮೈಯೊಳಗೆ ಹೋಗುವ ಮದ್ದನ್ನು ಮೈಸೂರಿನಲ್ಲಿ ತಾವಾಗಿ ಬಂದು ತಗೊಂಡರು. ಟೋಪಿ ಬಂದದ್ದು ಹುಕುಂ ಆಗಿ. ಮದ್ದು ಬಂದದ್ದು ಅರಮನೆಯ ಅಜ್ಜಿಯ ಕೈಯಿಂದ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುತ್ತೇನೆ, ಸಾಹಿತ್ಯದವರು ಕ್ಷಮಿಸಬೇಕು. ಹುಂಡಿ ಅಂತ ಒಂದು ಇದೆ. ಅದು ಒಂದು ಕಾಗದದ ತುಂಡು. ಅದಕ್ಕೆ ಬೆಲೆ ಬರುವುದು ಅದರ ಮೇಲೆ ಬರೆದ ಮೊತ್ತದಿಂದ ಅಲ್ಲ, ಹಿಂದೆ ಸಹಿ ಹಾಕಿದವನಿಂದ. ಸಹಿ ಹಾಕಿದವನನ್ನು ನಾನು ಬಲ್ಲೆ, ದುಡ್ಡು ಮುಳುಗಿದರೆ ಅವನದೂ ಮುಳುಗುತ್ತದೆ ಅಂತ ಗೊತ್ತಾದಾಗ ಕೈಯಿಂದ ಕೈಗೆ ಹುಂಡಿ ಓಡುತ್ತದೆ. ಜೆನ್ನರನ ಮದ್ದು ಮೈಸೂರಿನವರಿಗೆ ಗುರುತಿಲ್ಲದ ಹುಂಡಿ. ಲಕ್ಷ್ಮಮ್ಮಣ್ಣಿಯವರು ಅದರ ಹಿಂದೆ ಸಹಿ ಹಾಕಿದರು. ಬರೀ ಮಾತಿನಲ್ಲಿ ಅಲ್ಲ, ತಮ್ಮ ಮನೆಯ ಮಗುವಿನ ತೋಳಿನಲ್ಲಿ. ನಷ್ಟವಾದರೆ ಮೊದಲ ನಷ್ಟ ಅವರದು. ಜನ ನೋಡಿದ್ದು ಅದನ್ನು.

ಆದರೆ ಒಂದು ಮಾತು ಹೇಳದೆ ಹೋದರೆ ಲೆಕ್ಕ ಸರಿಹೋಗುವುದಿಲ್ಲ. ಆ ತೋಳು ರಾಣಿಯವರದ್ದಲ್ಲ. ಹನ್ನೆರಡರ ಹುಡುಗಿಯದು. ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ. ಹಡಗಿನಲ್ಲಿ ತೋಳಿನ ಮೇಲೆ ಮದ್ದು ಹೊತ್ತು ಹೋದ ಹುಡುಗರನ್ನೂ, ಮುಂಬಯಿಯ ಮೂರು ವರ್ಷದ ಮಗುವನ್ನೂ ಯಾರೂ ಕೇಳಿರಲಿಕ್ಕಿಲ್ಲ. ದೊಡ್ಡವರ ನಂಬಿಕೆಯ ಸರಪಳಿಯಲ್ಲಿ ಒಂದೊಂದು ಕೊಂಡಿಯೂ ಮಾತಾಡದ ಮಕ್ಕಳೇ. ನಾವು ರಾಣಿಯನ್ನು ಹೊಗಳುವಾಗ ಆ ಹುಡುಗಿಗೂ ಒಂದು ನಮಸ್ಕಾರ ಹಾಕಬೇಕು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಕಣ್ಣು ಮುಚ್ಚಿದರು. ಮರುವರ್ಷ ಮೊಮ್ಮಗ ರಾಜ್ಯಭಾರ ವಹಿಸಿಕೊಂಡರು. ಅವರು 1868ರವರೆಗೆ ಬಾಳಿದರು. ಅಪ್ಪ ಇಪ್ಪತ್ತೆರಡಕ್ಕೆ ಹೋದರೆ ಮಗ ಎಪ್ಪತ್ತು ದಾಟಿದರು. ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಇವತ್ತು ಬಸ್ಸಿನ ಬೋರ್ಡಿನಲ್ಲಿ ಚಾಮರಾಜನಗರ ಅಂತ ಓದುವ ನಾವು, ಅದು ಮೈಲಿಯಿಂದ ಸತ್ತ ಒಬ್ಬ ತರುಣನ ಹೆಸರು ಅಂತ ನೆನೆಯುವುದಿಲ್ಲ. ಮೈಲಿ ಹಾಕುವ ಕೆಲಸ ಆಮೇಲೂ ಸುಲಭವಾಗಿ ನಡೆಯಲಿಲ್ಲ. ಕಾನೂನು ಬಂತು, ವಿರೋಧ ಬಂತು, ಇಂಗ್ಲೆಂಡಿನಲ್ಲೇ ಜನ ಬೀದಿಗಿಳಿದರು. ನಮ್ಮ ದೇಶದಲ್ಲಿ 1975ಕ್ಕೆ ಸಿಡುಬು ನಿಂತಿತು. 1980ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತು ಅಂತ ಸಾರಿದರು. ಅಮ್ಮ ಮತ್ತೆ ಬರಲಿಲ್ಲ.

ಇನ್ನು ಇದನ್ನೆಲ್ಲ ಯಾಕೆ ಬರೆದೆ ಅಂತ ಹೇಳಬೇಕಲ್ಲ.

ನಮ್ಮ ತಾತ ಅಜ್ಜಿ ಇಬ್ಬರೂ ಚಾಮರಾಜನಗರದ ಕಡೆಯವರು. ತಾತ ಕೆಲಸದ ಮೇಲೆ ಮದ್ರಾಸಿಗೆ ಬಂದು ಎಗ್ಮೋರಿನಲ್ಲಿ ಮನೆ ಮಾಡಿದರು. ಇಬ್ಬರ ತೋಳಿನ ಮೇಲೂ ನಾಲ್ಕಾಣೆ ಅಗಲದ ಮೈಲಿಯ ಕಲೆ. 2021ರ ಮಾರ್ಚಿನಲ್ಲಿ ಅರವತ್ತು ದಾಟಿದವರಿಗೆ ಕೊರೋನಾ ಲಸಿಕೆ ಶುರುವಾಯಿತು. ನನಗೆ ಆಗ ಹದಿನೈದು. ತಾತ ಬೇಡ ಅನ್ನಲಿಲ್ಲ. ಎದುರು ಮನೆಯವರು ಹಾಕಿಸಿಕೊಳ್ಳಲಿ, ಹೇಗಾಗುತ್ತೆ ನೋಡೋಣ ಅಂದರು. ಏಪ್ರಿಲ್ 15ರಂದು ಇಲ್ಲೇ ಓಮಂದೂರಾರ್ ಸರ್ಕಾರಿ ಆಸ್ಪತ್ರೆಯಲ್ಲಿ ನಟ ವಿವೇಕ್ ಎಲ್ಲರ ಮುಂದೆ ಲಸಿಕೆ ಹಾಕಿಸಿಕೊಂಡರು, ಜನಕ್ಕೆ ಧೈರ್ಯ ಬರಲಿ ಅಂತ. ಏಪ್ರಿಲ್ 17ರಂದು ಹೃದಯಾಘಾತದಿಂದ ತೀರಿಕೊಂಡರು. ಲಸಿಕೆಗೂ ಆ ಸಾವಿಗೂ ಸಂಬಂಧವಿಲ್ಲ ಎಂದು ತಜ್ಞರ ಸಮಿತಿ ಅದೇ ವರ್ಷ ಹೇಳಿತು. ಅದು ಬರುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ನಮ್ಮ ಬೀದಿಯಲ್ಲಿ ಆ ವಾರ ಯಾರೂ ಹೋಗಲಿಲ್ಲ. ದೊಡ್ಡವರ ತೋಳಿಗೆ ಇರುವ ಶಕ್ತಿ ಎರಡು ಕಡೆಗೂ ಕೊಯ್ಯುತ್ತದೆ. ಆ ಒಳ್ಳೆಯ ಮನುಷ್ಯನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಮೇ ತಿಂಗಳಲ್ಲಿ ತಾತನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದರೆ ಖಂಡಿತ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ, ಉಳಿಯುವ ಲೆಕ್ಕ ಹೆಚ್ಚಿತ್ತು ಅಂತ ಮಾತ್ರ ಹೇಳಬಲ್ಲೆ. ಹದಿಮೂರನೇ ದಿನ ಕಳೆದ ಮೇಲೆ ಎದುರು ಮನೆಯ ಪಾಟಿ ಬಂದು ಕೂತು ಅತ್ತರು. ಅವರೂ ಹಾಕಿಸಿಕೊಂಡಿರಲಿಲ್ಲ. ಯಾಕೆ ಅಂತ ಅಮ್ಮ ಕೇಳಿದಾಗ, ನಿಮ್ಮ ಮನೆಯವರು ಓದಿದವರು, ನೀವು ಹಾಕಿಸಿಕೊಳ್ಳಲಿ ಅಂತ ಕಾಯ್ತಿದ್ವಿ ಅಂದರು. ನಾವು ಅವರಿಗೆ ಕಾಯುತ್ತಿದ್ದೆವು, ಅವರು ನಮಗೆ ಕಾಯುತ್ತಿದ್ದರು. ಎರಡೂ ಬಾಗಿಲ ನಡುವೆ ಇದ್ದದ್ದು ಹನ್ನೆರಡು ಅಡಿ ರಸ್ತೆ.

ಆಗ ಅಜ್ಜಿ ಒಂದು ಕೆಲಸ ಮಾಡಿದರು. ಮಾರನೇ ವಾರ ಬೆಳಗ್ಗೆ ಸೀರೆ ಉಟ್ಟು, ಎದುರು ಮನೆಗೆ ಹೋಗಿ ಪಾಟಿಯ ಕೈ ಹಿಡಿದು ಎಬ್ಬಿಸಿ, ಇಬ್ಬರೂ ಕಾರ್ಪೊರೇಷನ್ ಕ್ಯಾಂಪಿಗೆ ನಡೆದುಕೊಂಡು ಹೋದರು. ಒಬ್ಬರಿಗೆ ಕನ್ನಡ, ಒಬ್ಬರಿಗೆ ತಮಿಳು. ವಾಪಸ್ಸು ಬಂದು ಇಬ್ಬರೂ ಜಗಲಿಯ ಮೇಲೆ ಸಾಯಂಕಾಲದವರೆಗೂ ಬೇಕೂಂತ ಕೂತರು, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ. ಎರಡು ವಾರದಲ್ಲಿ ನಮ್ಮ ಬೀದಿಯ ಮುದುಕರೆಲ್ಲ ಹೋಗಿ ಬಂದರು. ಅವರಿಗೆ ಯಾರೂ ಭಾಷಣ ಮಾಡಲಿಲ್ಲ.

ಅಜ್ಜಿಯನ್ನು ಆಮೇಲೊಂದು ದಿನ ಕೇಳಿದೆ, ಚಿಕ್ಕವಳಿದ್ದಾಗ ಮೈಲಿ ಹಾಕಿಸಿಕೊಳ್ಳೋಕೆ ಹೆದರಿಕೆ ಆಗಲಿಲ್ಲವಾ ಅಂತ. ಹೆದರಿಕೆ ಯಾಕೆ, ವಠಾರದ ಮಕ್ಕಳೆಲ್ಲ ಹಾಕಿಸಿಕೊಂಡರು, ನಾನೂ ಹಾಕಿಸಿಕೊಂಡೆ ಅಂದರು. ಹಾಗೆ ಸಲೀಸಾಗಿ ಹೇಳುವ ಸ್ಥಿತಿ ಬರುವುದಕ್ಕೆ ನೂರೈವತ್ತು ವರ್ಷ ಹಿಡಿದಿತ್ತು. ಅದರ ಮೊದಲ ತೋಳುಗಳಲ್ಲಿ ಒಂದು ಮೈಸೂರಿನ ಅರಮನೆಯದು. ಅದಕ್ಕೆ ಹೂಂ ಅಂದವರು ಮಗನನ್ನು ಕಳಕೊಂಡ ಒಬ್ಬ ಅಜ್ಜಿ. ನಮ್ಮ ಅಜ್ಜಿಗೆ ಆ ರಾಣಿಯ ವಿಷಯ ಏನೂ ಗೊತ್ತಿಲ್ಲ. ಈ ಲೇಖನ ಅಚ್ಚಾದ ಮೇಲೆ ಓದಿ ಹೇಳಬೇಕು ಅಂತ ಇದ್ದೇನೆ.